ಸ್ಟೀರಿಯೋಗಿಂತ ಮೊದಲು ಕೋಣೆ: ನಾನು ನೆಚ್ಚಿಕೊಂಡಿರುವ ಬಾಯಿಲೆಕ್ಕಗಳು

ಆಂಪ್ಲಿಫೈಯರ್ ಕೊಳ್ಳುವ ಮೊದಲು ಕೋಣೆಯ ನಡುವೆ ನಿಂತು ಗಟ್ಟಿಯಾಗಿ ಒಂದು ಚಪ್ಪಾಳೆ ತಟ್ಟಬೇಕು ಎಂಬುದು ನನ್ನ ಮೊದಲ ಬಾಯಿಲೆಕ್ಕ. ಚಪ್ಪಾಳೆಯ ಬೆನ್ನಿಗೇ ‘ಟ್ರ್‌ರ್’ ಎಂಬ ಸದ್ದು ಕೇಳಿಬಂದರೆ, ಎದುರುಬದುರಾದ ಎರಡು ಬರಿಗೋಡೆಗಳ ನಡುವೆ ಶಬ್ದ ಓಡಾಡುತ್ತಿದೆ ಎಂದು ಅರ್ಥ. ಅಂತಹ ಕೋಣೆಯಲ್ಲಿ ಎಷ್ಟೇ ಬೆಲೆಯ ಉಪಕರಣವನ್ನಿಟ್ಟರೂ ಹಾಡಿನ ಸಾಹಿತ್ಯ ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ಮೈಸೂರಿನ ನಮ್ಮ ಮನೆಯ ಹಾಲ್ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರವಿದೆ. ಮೇಲೆ ಕಾಂಕ್ರೀಟ್ ತಾರಸಿ, ಸುತ್ತ ಗಿಲಾವು ಮಾಡಿದ ಇಟ್ಟಿಗೆ ಗೋಡೆ, ಕೆಳಗೆ ಟೈಲ್ಸ್. ಹೊರದೇಶಗಳ ಹೈ-ಫೈ ಸಲಹೆಗಳಲ್ಲಿ ಹೆಚ್ಚಿನವು ಮರದ ನೆಲ ಮತ್ತು ಜಿಪ್ಸಮ್ ಹಲಗೆಯ ಗೋಡೆಗಳಿರುವ ಮನೆಗಳಿಗಾಗಿ ಹುಟ್ಟಿದವು. ಅಂತಹ ಗೋಡೆಗಳು ತಾವೇ ಅದುರಿ ಮಂದ್ರದ ಸದ್ದನ್ನು ಒಂದಿಷ್ಟು ನುಂಗಿಕೊಳ್ಳುತ್ತವೆ. ನಮ್ಮ ಗೋಡೆಗಳು ಬಂದದ್ದನ್ನೆಲ್ಲ ಹಿಂದಕ್ಕೆ ಕಳುಹಿಸುವುದರಿಂದ, ಆ ಸಲಹೆಗಳನ್ನು ಇಲ್ಲಿ ಅಳೆದು ನೋಡಿಯೇ ಬಳಸಬೇಕಾಯಿತು.

ಎರಡನೆಯ ಲೆಕ್ಕಕ್ಕೆ ಒಂದು ಟೇಪು ಸಾಕು. ಕೋಣೆಯ ಅಳತೆಯನ್ನು ಅಡಿಗಳಲ್ಲಿ ತೆಗೆದುಕೊಂಡು 565ನ್ನು ಅದರಿಂದ ಭಾಗಿಸಿದರೆ, ಆ ದಿಕ್ಕಿನಲ್ಲಿ ಕೋಣೆ ಯಾವ ಸ್ವರಕ್ಕೆ ತಾನಾಗಿಯೇ ದನಿಗೂಡಿಸುತ್ತದೆ ಎಂಬುದು ಹರ್ಟ್ಸ್‌ಗಳಲ್ಲಿ, ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕದಲ್ಲಿ, ಸಿಗುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 1,130 ಅಡಿ ಸಾಗುತ್ತದೆ, ಅದರ ಅರ್ಧವೇ ಈ 565. ನಮ್ಮ ಹಾಲ್‌ನಲ್ಲಿ ಉದ್ದಕ್ಕೆ 35, ಅಗಲಕ್ಕೆ 47, ಎತ್ತರಕ್ಕೆ 56 ಹರ್ಟ್ಸ್ ಬಂದವು. ಮೂರೂ ಬೇರೆಬೇರೆಯಾಗಿರುವುದು ನಮ್ಮ ಪುಣ್ಯ. 12 ಅಡಿ ಉದ್ದ 12 ಅಡಿ ಅಗಲದ ಚೌಕ ಕೋಣೆಯಲ್ಲಿ ಎರಡು ದಿಕ್ಕುಗಳು ಒಂದೇ ಸ್ವರದ ಮೇಲೆ ಬಿದ್ದು ಆ ಸ್ವರವನ್ನು ಮಾತ್ರ ಗುಮ್ಮೆನಿಸುತ್ತವೆ. ಆದ್ದರಿಂದ ಮನೆಯಲ್ಲಿ ಎರಡು ಕೋಣೆಗಳ ಆಯ್ಕೆಯಿದ್ದರೆ ಚೌಕಾಕಾರದ್ದನ್ನು ಬಿಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಸ್ಪೀಕರ್ ಸರಿಸುವುದಕ್ಕೆ ಕಾಸು ಕೊಡಬೇಕಾಗಿಲ್ಲ. ಅದರಿಂದ ಸಿಗುವಷ್ಟು ಬದಲಾವಣೆ ಬೇರಾವ ಖರ್ಚಿನಿಂದಲೂ ನನಗೆ ಸಿಕ್ಕಿಲ್ಲ. ಕೇಳುವ ಕುರ್ಚಿಯನ್ನು ಹಿಂದಿನ ಗೋಡೆಗೆ ಒರಗಿಸಿದರೆ ಮಂದ್ರ ಉಬ್ಬುತ್ತದೆ, ಕೋಣೆಯ ನಟ್ಟನಡುವೆ ಇಟ್ಟರೆ ಸೊರಗುತ್ತದೆ. ಉದ್ದದ ನೂರರಲ್ಲಿ 38 ಪಾಲಿನಷ್ಟು ದೂರದಿಂದ ಆರಂಭಿಸಿ ಎಂಬ ರೂಢಿಯಂತೆ ನಾನು ಕುರ್ಚಿಯನ್ನು ಹಿಂದಿನ ಗೋಡೆಯಿಂದ ಆರು ಅಡಿ ಮುಂದಕ್ಕೆ ಇಟ್ಟೆ. ಎರಡು ಸ್ಪೀಕರ್‌ಗಳ ನಡುವೆ ಏಳು ಅಡಿ, ಪ್ರತಿಯೊಂದರಿಂದ ಕಿವಿಗೆ ಎಂಟು ಅಡಿಗೆ ತುಸು ಕಡಿಮೆ. ಸ್ಪೀಕರ್‌ನ ಮುಖವು ತನ್ನ ಬೆನ್ನ ಹಿಂದಿನ ಗೋಡೆಯಿಂದಲೂ ಪಕ್ಕದ ಗೋಡೆಯಿಂದಲೂ ಸಮದೂರದಲ್ಲಿ ಇರಬಾರದು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಎರಡೂ ಕಡೆ ಎರಡೂವರೆ ಅಡಿಯಿದ್ದರೆ ಎರಡೂ ಗೋಡೆಗಳಿಂದ ಮರಳುವ ಅಲೆಗಳು ಸುಮಾರು 113 ಹರ್ಟ್ಸ್‌ನಲ್ಲೇ ನೇರ ಸದ್ದನ್ನು ಅಳಿಸುತ್ತವೆ, ಗಂಡು ದನಿಯ ಬುಡ ಇರುವುದೇ ಆ ಆಸುಪಾಸಿನಲ್ಲಿ. ಪಕ್ಕಕ್ಕೆ ಎರಡೂವರೆ ಅಡಿಯನ್ನು ಉಳಿಸಿ ಹಿಂದಕ್ಕೆ ಮೂರು ಅಡಿ ಮಾಡಿದೊಡನೆ ಪುರುಷ ಗಾಯಕರ ಕಂಠಕ್ಕೆ ತೂಕ ಬಂತು.

ಸದ್ದಿನ ಹೀರಿಕೆಯ ವಿಷಯದಲ್ಲಿ ನನಗೆ ಗುರು ಎಂದರೆ ಅಮೆರಿಕದ ಭೌತವಿಜ್ಞಾನಿ ವಾಲೇಸ್ ಸೇಬಿನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಅಡಗದೆ ಉಳಿಯುತ್ತಿದ್ದಾಗ, ಅವರು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ವೇಳೆ ಹೊತ್ತು ತಂದು, ಎಷ್ಟು ಮೆತ್ತೆಗೆ ಎಷ್ಟು ಸದ್ದು ಅಡಗುತ್ತದೆ ಎಂದು ಅಳೆದರು. ಅದರಿಂದ ಬಂದ ಸೂತ್ರ ಬಹಳ ಸರಳ: ಕೋಣೆಯ ಗಾತ್ರವನ್ನು ಘನ ಮೀಟರ್‌ಗಳಲ್ಲಿ ಹಿಡಿದು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ, ಎಂದರೆ ಸದ್ದು ಅಡಗಲು ಹಿಡಿಯುವ ಸೆಕೆಂಡುಗಳು, ಸಿಗುತ್ತದೆ. ನಮ್ಮ ಹಾಲ್ ಸುಮಾರು 54 ಘನ ಮೀಟರ್; ಸದ್ದು ಅರ್ಧ ಸೆಕೆಂಡಿನಲ್ಲಿ ಅಡಗಬೇಕಾದರೆ, ಪೂರ್ತಿ ಹೀರುವ ಮೇಲ್ಮೈ 17 ಚದರ ಮೀಟರ್‌ಗಿಂತ ಸ್ವಲ್ಪ ಹೆಚ್ಚೇ ಬೇಕು. ಸೋಫಾ, ಪುಸ್ತಕದ ಕಪಾಟು, ಕುಳಿತವರು ಎಲ್ಲರೂ ಈ ಲೆಕ್ಕಕ್ಕೆ ಸೇರುತ್ತಾರೆ. ನೆಲಕ್ಕೆ ನವಲಗುಂದದ ಜಮಖಾನ ಹಾಸಿದೆ. ಅದು ತಾರಸ್ಥಾಯಿಯ ಚುರುಕನ್ನು ತಗ್ಗಿಸಿತೇ ಹೊರತು ಮಂದ್ರವನ್ನು ಮುಟ್ಟಲಿಲ್ಲ. ತೆಳುವಾದ ಹೊದಿಕೆಯಿಂದ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ, ಏಕೆಂದರೆ ಅಲೆ ಉದ್ದವಾದಷ್ಟೂ ಅದನ್ನು ಹಿಡಿಯುವ ವಸ್ತು ದಪ್ಪವಾಗಿರಬೇಕು.

ಆದ್ದರಿಂದ ಬಡಗಿಯವರಿಂದ ನಾಲ್ಕಡಿ ಎರಡಡಿಯ ಮರದ ಚೌಕಟ್ಟುಗಳನ್ನು ಮಾಡಿಸಿ, ಎರಡಿಂಚು ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ತೆಗೆದ ಎಳೆಗಳ ಹಾಸು) ತುಂಬಿ, ಗೋಡೆಗೂ ಚೌಕಟ್ಟಿಗೂ ನಡುವೆ ಇನ್ನೆರಡು ಇಂಚು ಬಿಟ್ಟು ತೂಗುಹಾಕಿದೆ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮುಖಗವಸು ಇರಲೇಬೇಕು. ಅದರ ಎಳೆಗಳು ಚರ್ಮಕ್ಕೂ ಗಂಟಲಿಗೂ ಕೆರೆತ ತರುತ್ತವೆ. ಮೇಲುಹೊದಿಕೆಯ ಬಟ್ಟೆಗೆ ಬಾಯಿಟ್ಟು ಊದಿ ನೋಡಬೇಕು: ಉಸಿರು ಸಲೀಸಾಗಿ ದಾಟಿದರೆ ಶಬ್ದವೂ ದಾಟುತ್ತದೆ. ಅಮ್ಮನ ಹಳೆಯ ಹತ್ತಿ ಸೀರೆ ಈ ಪರೀಕ್ಷೆಯಲ್ಲಿ ಗೆದ್ದಿತು, ಅಂಗಡಿಯವರು ತೋರಿಸಿದ ಸೋಫಾ ಬಟ್ಟೆ ಗೆಲ್ಲಲಿಲ್ಲ. ಚೌಕಟ್ಟನ್ನು ಎಲ್ಲಿ ತೂಗುಹಾಕಬೇಕೆಂಬುದನ್ನು ಕನ್ನಡಿ ಹೇಳುತ್ತದೆ. ನಾನು ಕುರ್ಚಿಯಲ್ಲಿ ಕುಳಿತೆ, ಮಗಳು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಹಿಡಿದು ನಡೆದಳು. ಎಲ್ಲಿ ಅದರೊಳಗೆ ಟ್ವೀಟರ್, ಎಂದರೆ ತಾರಸ್ಥಾಯಿ ನುಡಿಸುವ ಸ್ಪೀಕರ್‌ನ ಸಣ್ಣ ಭಾಗ, ಕಾಣಿಸಿತೋ ಅದೇ ಜಾಗ.

ವ್ಯಾಟ್‌ಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. 50 ವ್ಯಾಟ್ ಬಿಟ್ಟು 100 ವ್ಯಾಟ್ ಕೊಂಡರೆ ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ ಇಮ್ಮಡಿ ಎನಿಸಲು ಸುಮಾರು ಹತ್ತು ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಇದಕ್ಕಿಂತ ಮುಖ್ಯವಾದದ್ದು, ಎರಡು ಆಂಪ್ಲಿಫೈಯರ್‌ಗಳನ್ನು ಹೋಲಿಸುವಾಗ ಜೋರಾಗಿರುವುದೇ ಗೆಲ್ಲುತ್ತದೆ ಎಂಬ ಸಂಗತಿ. ಸದ್ದು ಏರಿದಂತೆ ಕಿವಿಗೆ ಮಂದ್ರ ತುಂಬಿಕೊಂಡು ಕೇಳಿಸುತ್ತದೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಪ್ರಕಟಿಸಿದ್ದರು. ಹಾಗಾಗಿ 100 ಹರ್ಟ್ಸ್‌ನ ಸ್ವರ ನುಡಿಸಿ, ಸ್ಪೀಕರ್ ತುದಿಗಳಿಗೆ ಮಲ್ಟಿಮೀಟರ್ ಹಿಡಿದು, ಎರಡರ ವೋಲ್ಟೇಜನ್ನು ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲದಂತೆ ಸರಿಹೊಂದಿಸಿದ ಮೇಲೆಯೇ ನಾನು ಹೋಲಿಕೆಗೆ ಕೂರುತ್ತೇನೆ. ಮಗಳು ತಂತಿ ಬದಲಿಸುತ್ತಾಳೆ, ಯಾವುದು ಎಂದು ಮಾತ್ರ ಬಾಯಿಬಿಡುವುದಿಲ್ಲ.

ಸ್ಪೀಕರ್ ತಂತಿಗೆ ನಾನು ಬಳಸಿರುವುದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 2.5 ಚದರ ಮಿಲಿಮೀಟರ್‌ನ ತಾಮ್ರದ ವೈರು. ಐದು ಮೀಟರ್ ಹೋಗಿ ಐದು ಮೀಟರ್ ಬರುವಷ್ಟರಲ್ಲಿ ಅದರ ರೋಧ 0.07 ಓಮ್‌ನ ಆಸುಪಾಸು. 8 ಓಮ್‌ನ ಸ್ಪೀಕರ್ ಮುಂದೆ ಅದು ನೂರಕ್ಕೆ ಒಂದು ಪಾಲೂ ಅಲ್ಲ. ನೂರಕ್ಕೆ ಐದನ್ನು ಮೀರದಿದ್ದರೆ ಸಾಕು ಎಂಬುದು ರೂಢಿಯ ಮಿತಿ. ಉಳಿದ ಹಣದಲ್ಲಿ ರಾಕ್‌ವೂಲ್ ಬಂತು. ಸ್ಪೀಕರ್‌ನಲ್ಲಿ ‘ಗುಂಯ್’ ಎಂಬ 50 ಹರ್ಟ್ಸ್‌ನ ಸದ್ದು ಇದ್ದರೆ ಮೊದಲು ಟಿವಿಯ ಕೇಬಲ್ ಕಿತ್ತು ನೋಡಬೇಕು. ನಮ್ಮಲ್ಲಿ ಸದ್ದು ತಟ್ಟನೆ ನಿಂತಿತು, ಹೊರಗಿನಿಂದ ಬರುವ ಕೇಬಲ್‌ನ ಭೂಸಂಪರ್ಕವೂ ಮನೆಯ ಅರ್ಥಿಂಗೂ ಸೇರಿ ಒಂದು ವರ್ತುಲವಾಗಿದ್ದವು. ಆ ಕೇಬಲ್‌ಗೆ ಭೂಸಂಪರ್ಕವನ್ನು ಬೇರ್ಪಡಿಸುವ ಐಸೊಲೇಟರ್ ಹಾಕಿದರೆ ಸಮಸ್ಯೆ ಮುಗಿಯುತ್ತದೆ. ಪ್ಲಗ್‌ನ ಮೂರನೆಯ ಕಡ್ಡಿಯನ್ನು ತೆಗೆದು ಸದ್ದು ನಿಲ್ಲಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. ಜೀವ ಕಾಯುವ ಕಡ್ಡಿ ಅದು.

ಎಲ್ಲ ಮುಗಿದ ಮೇಲೆ ಮೊದಲು ಕೇಳಬೇಕಾದದ್ದು ತಂಬೂರಿಯನ್ನು. ಅದರ ಜವಾರಿ (ತಂತಿಯ ಝೇಂಕಾರ) ಮರಳಿನಂತೆ ಒರಟಾಗದೆ, ಮಂಕೂ ಆಗದೆ ಎಳೆಎಳೆಯಾಗಿ ಬಿಚ್ಚಿಕೊಂಡರೆ ಮೇಲಿನ ಸ್ಥಾಯಿಗಳು ಸರಿಯಿವೆ. ಬಳಿಕ ಹಳೆಯ ಮೊನೊ (ಒಂದೇ ಚಾನೆಲ್ಲಿನ) ಕಛೇರಿಯೊಂದನ್ನು ಹಾಕಬೇಕು. ಗಾಯಕರು ಎರಡು ಸ್ಪೀಕರ್‌ಗಳ ಸರಿಮಧ್ಯದಲ್ಲಿ ಕುಳಿತಂತೆ ಕೇಳಿಸಬೇಕು. ದನಿ ಎಲ್ಲಿದೆ ಎಂದೇ ತಿಳಿಯದೆ ಮಂದ್ರವೂ ಬಡವಾಗಿದ್ದರೆ, ಒಂದು ಸ್ಪೀಕರ್‌ನ ಕೆಂಪು-ಕಪ್ಪು ತಂತಿಗಳು ಅದಲುಬದಲಾಗಿರುತ್ತವೆ. ಮೃದಂಗದ ಎಡಭಾಗದ ಜಾರುವ ಮಂದ್ರನಾದವಾದ ಗುಮ್ಕಿ ಜಾರಿ ನಿಲ್ಲಬೇಕು, ಗುಂಯ್ಗುಟ್ಟುತ್ತ ಉಳಿಯಬಾರದು. ಈ ಹೊತ್ತಿನಲ್ಲಿ ಫ್ಯಾನ್ ನಿಲ್ಲಿಸಿರಬೇಕು, ಏಕೆಂದರೆ ರೆಕ್ಕೆಗಳಿಗೆ ತಾಗಿ ಮರಳುವ ಸದ್ದು ದೀರ್ಘ ಸ್ವರಗಳನ್ನು ನಡುಗಿಸುತ್ತದೆ. ಕೊನೆಗೆ 30ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ನುಡಿಸಿ ಮನೆಯೆಲ್ಲ ಸುತ್ತಿದರೆ, ಕಬ್ಬಿಣದ ಬೀರು, ಷೋಕೇಸಿನ ಗಾಜು, ದೇವರಮನೆಯ ಗಂಟೆ ಯಾವ ಯಾವ ಸ್ವರಕ್ಕೆ ಅದುರುತ್ತವೆ ಎಂದು ತಿಳಿಯುತ್ತದೆ. ಬೀರುವಿನ ಬಾಗಿಲಿಗೆ ಫೆಲ್ಟಿನ ತುಂಡು ಅಂಟಿಸಿದರೆ ಅದರ ಮಟ್ಟಿಗೆ ಕೆಲಸ ಆಯಿತು.

ಇಷ್ಟೆಲ್ಲ ಅಳತೆ ಮಾಡಿದ ಮೇಲೆ ಅದನ್ನು ಕಾಪಾಡಿಕೊಳ್ಳುವ ಏರ್ಪಾಡೂ ಬೇಕು. ದಸರೆಯಲ್ಲಿ ನಮ್ಮ ಹಾಲ್ ಗೊಂಬೆಗಳಿಗೆ ಸೇರಿದ್ದು. ಪಾಡ್ಯದ ಹಿಂದಿನ ದಿನವೇ ಸ್ಪೀಕರ್‌ಗಳು ಮಲಗುವ ಕೋಣೆಗೆ ಹೋಗಿಬಿಡುತ್ತವೆ. ಪ್ರತಿ ಸ್ಪೀಕರ್‌ನ ಎರಡು ಮೂಲೆಗಳಿಗೆ ಟೈಲ್ಸ್ ಮೇಲೆ ಪೇಂಟರ್‌ಗಳು ಬಳಸುವ ಕಾಗದದ ಟೇಪು ಅಂಟಿಸಿ, ಗೋಡೆಯಿಂದ ಇರುವ ದೂರಗಳನ್ನೂ ಒಳಮುಖವಾಗಿ ಎಷ್ಟು ತಿರುಗಿಸಿದೆ ಎಂಬುದನ್ನೂ ಬರೆದ ಚೀಟಿಯನ್ನು ಆಂಪ್ಲಿಫೈಯರ್‌ನ ಅಡಿಯಲ್ಲಿ ಇಟ್ಟಿರುತ್ತೇನೆ. ನೆಲ ಒರೆಸುವಾಗ ಟೇಪು ಕಿತ್ತುಹೋದರೂ ಚೀಟಿ ಇದ್ದೇ ಇರುತ್ತದೆ.