ಗೋವಾದ ಮನೆಗೆ ಯಾವ ನೆಲ ಹಾಕಿಸಬೇಕು?

ವಾಸ್ಕೋ, ಮಡಗಾಂವ್ ಕಡೆ ಮನೆ ಕಟ್ಟಿಸುವ ನಮ್ಮವರು ಟೈಲ್ಸಿನ ಬಣ್ಣ ಆರಿಸುವ ಮೊದಲು ತೇವ ನೋಡಬೇಕು. ಕಾಂಕ್ರೀಟ್ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ನೀರಿನ ಹನಿ ಕಂಡರೆ ಕೆಳಗಿನಿಂದ ತೇವ ಏರುತ್ತಿದೆ ಅಂತ ಅರ್ಥ, ಅದನ್ನು ಸರಿಮಾಡದೆ ಏನು ಹಾಕಿದರೂ ದಂಡ.

ನನ್ನ ಆಯ್ಕೆ ವಿಟ್ರಿಫೈಡ್ ಟೈಲ್ಸ್, ಅಂದರೆ ಹೆಚ್ಚು ಬಿಸಿಯಲ್ಲಿ ಸುಟ್ಟು ಗಾಜಿನಂತೆ ಗಟ್ಟಿ ಮಾಡಿದ ಟೈಲ್ಸ್. ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ. ಹೊಳಪಿನದ್ದು ಬೇಡ, ಮಳೆಗಾಲದಲ್ಲಿ ಒದ್ದೆ ಕಾಲಿಟ್ಟರೆ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರಂತೂ ಮ್ಯಾಟ್ ಫಿನಿಶೇ ಇರಲಿ. ಟೈಲ್ಸಿನ ಸಂದಿಗೆ ಎಪಾಕ್ಸಿ ಗ್ರೌಟ್ (ರಾಳದಿಂದ ಮಾಡಿದ ಸಂದಿ ತುಂಬುವ ಪೇಸ್ಟ್) ತುಂಬಿಸಿ. ಸಿಮೆಂಟಿನದ್ದು ಅಗ್ಗ, ಆದರೆ ತೇವ ಕುಡಿದು ಕಪ್ಪಾಗುತ್ತದೆ.

ಬಜೆಟ್ ಕಡಿಮೆಯಾ? ಕೋಟಾ ಕಲ್ಲು ಹಾಕಿಸಿ, ಮೇಲೆ ನೀರು ಇಳಿಯದಂತೆ ತಡೆಯುವ ಸೀಲರ್ ಹೊಡೆಸಿ. ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆ ಮಾತ್ರ ಬೇಡವೇ ಬೇಡ: ಒಳಗಿರುವುದು ಒತ್ತಿದ ಮರದ ನಾರು, ನೀರು ತಾಗಿದರೆ ಅಂಚು ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ.