ಬ್ರಹ್ಮಗಿರಿಯ ಕೊನೆಯ ಪದ, ನಾನು ಕೇಳಿದ ಪ್ರಶ್ನೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಒಂದು ಪದ ಬಿಟ್ಟರೆ ಇಡೀ ಬ್ರಾಹ್ಮಿ ಲಿಪಿಯಲ್ಲಿದೆ. ಬರೆದವನು ಚಪಡ ಎಂದು ಹೇಳುವ ಕಡೆಯ ಮಾತಿನಲ್ಲಿ 'ಲಿಪಿಕರೇಣ' (ಲಿಪಿಕಾರನಿಂದ) ಎಂಬ ಒಂದೇ ಪದ ಮಾತ್ರ ಖರೋಷ್ಠಿ. ಅದು ವಾಯವ್ಯದ ಗಾಂಧಾರ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓದಬೇಕು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಶಾಸನ ಪತ್ತೆ ಮಾಡಿದರು. ಆ ಪದ ಖರೋಷ್ಠಿ ಎಂಬುದನ್ನು ವಿದ್ವಾಂಸರು ಒಪ್ಪಿ ಎಷ್ಟೋ ಕಾಲವಾಯಿತು. ನನಗೆ ಮಾತ್ರ ಬೇರೆ ಆಸೆ. ಅದು ಶಾಸನದಲ್ಲೇ ಹೆಸರಿರುವ ಇಸಿಲ ಊರಿನವರ ಸ್ವಂತ ಲಿಪಿಯ ಉಳಿಕೆ ಇರಬೇಕು ಅಂತ.

ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ಪಾಠ ಮಾಡುವವನು ನಾನು. ನಮ್ಮ ಜಿಲ್ಲೆಯ ಕಲ್ಲಿಗೆ ದೊಡ್ಡ ಮಾತು ಸಿಗಲಿ ಎಂಬ ಹಂಬಲದಲ್ಲಿ 12 ಪುಟ ಬರೆದೆ. ಅದನ್ನು ಚಾಟ್‌ಬಾಟ್‌ಗೆ ಹಾಕಿ ಕೇಳಿದೆ: 'ಇಸಿಲದ ಸ್ಥಳೀಯ ಲಿಪಿಯನ್ನು ಗುರುತಿಸಿರುವ ಈ ಸಂಶೋಧನೆಯ ಮಹತ್ವ ವಿವರಿಸು.' ದಕ್ಷಿಣ ಭಾರತದ ಲಿಪಿ ಚರಿತ್ರೆಯನ್ನೇ ಹೊಸದಾಗಿ ಬರೆಯಬೇಕಾದೀತು ಎನ್ನುವಷ್ಟು ಹೊಗಳಿತು. ಪ್ರಿಂಟ್ ತೆಗೆದು ಲೇಖನಕ್ಕೆ ಪಿನ್ ಹಾಕಿಟ್ಟೆ.

ದಾವಣಗೆರೆಯಲ್ಲಿ ಎಂ.ಎ. ಓದುವ ನನ್ನ ಹಳೇ ವಿದ್ಯಾರ್ಥಿನಿ ಮನೆಗೆ ಬಂದಿದ್ದಳು. ಉತ್ತರ ಓದಲೇ ಇಲ್ಲ, ಪ್ರಶ್ನೆಯ ಸಾಲಿನ ಮೇಲೆ ಬೆರಳಿಟ್ಟಳು. "ಸಾರ್, 'ಗುರುತಿಸಿರುವ' ಅಂತ ನೀವೇ ತೀರ್ಪು ಕೊಟ್ಟಾಗಿದೆಯಲ್ಲ. ಪಾಪ, ಅದು ಇನ್ನೇನು ಹೇಳುತ್ತೆ?"

ಅವಳು ಹೋದ ಮೇಲೆ ಹೊಸ ಚಾಟ್ ತೆರೆದೆ. ಅದೇ 12 ಪುಟ. 'ಯಾರೋ ಹೀಗೆ ಬರೆದಿದ್ದಾರೆ, ನನಗೆ ನಂಬಿಕೆಯಿಲ್ಲ, ತಪ್ಪು ತೋರಿಸು' ಎಂದೆ. ಹೋಲಿಕೆಗೆ ಬೇರೊಂದು ಮಾದರಿಯಿಲ್ಲ, ಆಧಾರವಿಲ್ಲ ಎಂದು ಸಾಲು ಸಾಲಾಗಿ ಕೆಡವಿತು. ಇದನ್ನೂ ನಾನು ನಂಬಲಿಲ್ಲ, ಯಾಕೆಂದರೆ ಇದೂ ನಾನು ಕೇಳಿದ್ದಕ್ಕೆ ತಲೆಯಾಡಿಸಿದ್ದೇ. ಮೂರನೇ ಸಲ ಲೇಖನ ಹಾಕಲೇ ಇಲ್ಲ. 'ಬ್ರಹ್ಮಗಿರಿ ಶಾಸನದ ಕಡೆಯ ಪದ ಯಾವ ಲಿಪಿಯಲ್ಲಿದೆ, ಅದು ಗೊತ್ತಾಗುವುದು ಹೇಗೆ?' ಎಂದಷ್ಟೇ ಕೇಳಿದೆ. ಖರೋಷ್ಠಿ ಎಂದಿತು, ತಡವರಿಸದೆ. ನನಗೆ ನೋವಾದದ್ದು ಇಲ್ಲಿಯೇ. ಅದಕ್ಕೆ ಗೊತ್ತಿದ್ದ ಸಂಗತಿ ನನ್ನ ಮೊದಲ ಪ್ರಶ್ನೆಯ ಕೆಳಗೆ ಮುಚ್ಚಿಹೋಗಿತ್ತು.

ಈ ಚಾಟ್‌ಬಾಟ್‌ಗಳನ್ನು ಪಳಗಿಸುವಾಗ ಜನ ಮೆಚ್ಚಿದ ಉತ್ತರಕ್ಕೆ ಹೆಚ್ಚು ಅಂಕ ಸಿಗುತ್ತದೆ, ಒಪ್ಪಿಕೊಂಡು ಮಾತಾಡುವವರನ್ನು ಜನ ಮೆಚ್ಚುತ್ತಾರೆ. ಹೀಗೆ ಹೌದಪ್ಪಗಳು ತಯಾರಾಗುತ್ತವೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಅಪ್‌ಡೇಟನ್ನು ಅತಿಯಾಗಿ ಓಲೈಸುತ್ತದೆ ಎಂಬ ಕಾರಣಕ್ಕೆ ಅದರ ಕಂಪನಿಯೇ ವಾಪಸ್ ಪಡೆದಿತ್ತು.

ಆಮೇಲೆ ಮಾಡಿದ್ದು ಹಳೇ ಕೆಲಸ. ಶಾಸನಗಳ ಅಚ್ಚಿನ ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಆ ಪದವನ್ನು ಪೆನ್ಸಿಲ್‌ನಲ್ಲಿ ತೆಗೆದುಕೊಂಡೆ. ಪಕ್ಕದಲ್ಲಿ, ಈಗ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿಯ ಅಶೋಕ ಶಾಸನದ ಖರೋಷ್ಠಿ ಅಕ್ಷರಗಳು. ಲಿ, ಕ, ರ, ಒಂದೊಂದಾಗಿ ತಾಳೆಯಾದವು. ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳಲ್ಲೂ ಚಪಡ ಹೀಗೇ ರುಜು ಹಾಕಿದ್ದಾನೆ. ಅರ್ಧ ಗಂಟೆಯಲ್ಲಿ ನನ್ನ ವಾದ ಮುಗಿಯಿತು.

ಪಿನ್ ಬಿಚ್ಚಿ ಆ ಪ್ರಿಂಟ್ ತೆಗೆದುಹಾಕಿದೆ. ಲೇಖನ ಈಗ 4 ಪುಟಕ್ಕೆ ಇಳಿದಿದೆ, ಅಷ್ಟೂ ಚಪಡನದೇ: ಗಾಂಧಾರದ ಅಕ್ಷರ ಕಲಿತ ಕೈ ನಮ್ಮ ಮೊಳಕಾಲ್ಮೂರಿನ ಬಂಡೆಯವರೆಗೆ ಬಂದದ್ದು ಹೇಗೆ? ಮೊದಲ ಪ್ರತಿಯನ್ನು ಆ ಹುಡುಗಿಗೇ ಕಳಿಸಿದೆ, ತಪ್ಪು ಹುಡುಕಿಕೊಡಮ್ಮ ಅಂತ.