ಸೆಡೇಶನ್ ಇಲ್ಲದೆ ರೆಸ್ಟಿಂಗ್ ಸ್ಟೇಟ್ ಸ್ಕ್ಯಾನ್: ನನ್ನ ಅನುಭವ

ಮಗು ಸುಮ್ಮನೆ ಮಲಗಿರುವಾಗ ಮೆದುಳಿನ ಭಾಗಗಳ ನಡುವಿನ ಸಂಪರ್ಕ ನೋಡೋ ಎಂ.ಆರ್.ಐ.ಗೆ ರೆಸ್ಟಿಂಗ್ ಸ್ಟೇಟ್ ಸ್ಕ್ಯಾನ್ ಅಂತಾರೆ. ಆಟಿಸಂ ಇರೋ ಮಕ್ಕಳಲ್ಲಿ ಬೊಜ್ಜಿಗೂ ಈ ಸಂಪರ್ಕಕ್ಕೂ ನಂಟಿದೆಯಾ ಅನ್ನೋದು ನನ್ನ ಅಧ್ಯಯನ; ಮಂಪರು ಔಷಧಿ (ಸೆಡೇಶನ್) ಕೊಡಲ್ಲ. "ಆಟಿಸಂ ಇರೋ ಮಗು, ಅದರ ಮೇಲೆ ಮೈಭಾರ ಬೇರೆ. ಎಚ್ಚರವಿದ್ದು ಎಂಟು ನಿಮಿಷ ಅಲುಗಾಡದೆ ಮಲಗುತ್ತಾ? ಕನಸು ಕಾಣ್ಬೇಡಿ" ಅಂದವರೇ ಎಲ್ಲ. ಈಗ ಹತ್ತರಲ್ಲಿ ಏಳು ಮಕ್ಕಳ ಡೇಟಾ ಬಳಸೋ ಹಾಗೆ ಸಿಗ್ತಿದೆ.

ಮೊದಮೊದಲು ದುಡ್ಡು ಸುಟ್ಟಿದ್ದೇ ಬಂತು. ವಿರಾಜಪೇಟೆ, ಸೋಮವಾರಪೇಟೆ ಕಡೆಯ ಮಕ್ಕಳನ್ನು ಮೈಸೂರಿಗೆ ಇಳಿಸಬೇಕು. ಮಡಿಕೇರಿಯಿಂದಲೇ ಸುಮಾರು 120 ಕಿ.ಮೀ. ಅರ್ಧ ಮಕ್ಕಳಿಗೆ ದಾರಿಯಲ್ಲೇ ವಾಂತಿ. ಕಾರು, ಊಟ, ಸ್ಕ್ಯಾನರ್ ಬಾಡಿಗೆ ಸೇರಿ ತಲೆಗೆ ಹನ್ನೆರಡು ಸಾವಿರದ ಆಸುಪಾಸು. ಕೈಗೆ ಬರುತ್ತಿದ್ದುದು ಕಸ. ತಲೆ ಅಲುಗಿದರೆ ಮೆದುಳಿನ ದೂರದ ಭಾಗಗಳ ಸಂಪರ್ಕ ಸೊರಗಿದಂತೆ, ಹತ್ತಿರದವುಗಳದ್ದು ಕೊಬ್ಬಿದಂತೆ ಕಾಣುತ್ತದೆ. 2012ರಲ್ಲೇ ಬಯಲಾದ ವಿಷಯ. ಆಟಿಸಂ ಮೆದುಳು ಹೀಗೇ ಅಂತ ಅದುವರೆಗೆ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ! ತಲೆಯ ಅಲುಗಾಟಕ್ಕೆ 0.2 ಮಿ.ಮೀ. ಮಿತಿ ಹಾಕಿ ಸೋಸಿದರೆ ಉಳಿಯೋದು ಸಣಕಲು, ಸೌಮ್ಯ ಮಕ್ಕಳು ಮಾತ್ರ. ಬೊಜ್ಜಿನ ಅಧ್ಯಯನದಲ್ಲಿ ಬೊಜ್ಜಿನ ಮಕ್ಕಳೇ ನಾಪತ್ತೆ.

ಕೊನೆಗೆ ಕೆಲಸಕ್ಕೆ ಬಂದದ್ದು ತೋಟದಲ್ಲಿ ಬೋರ್ಡೋ ದ್ರಾವಣ ಕಲಸುವಂಥ 200 ಲೀಟರಿನ ಪ್ಲಾಸ್ಟಿಕ್ ಡ್ರಮ್. ಹೊಸವೇ ಎರಡು ತಂದು, ತಳ ಕೊಯ್ದು ಜೋಡಿಸಿ ಅಭ್ಯಾಸಕ್ಕೆ ನಕಲಿ ಸ್ಕ್ಯಾನರ್ ಮಾಡಿದೆ. ಒಳವ್ಯಾಸ 60 ಸೆಂ.ಮೀ.ಗೆ ತುಸು ಕಮ್ಮಿ, ಹಳೇ ಸ್ಕ್ಯಾನರಿನ ಸುರಂಗದಷ್ಟೇ. ಹಲಗೆ, ಸ್ಪೀಕರ್, ಸ್ಕ್ಯಾನರ್ ಸದ್ದಿನ ರೆಕಾರ್ಡಿಂಗ್ ಎಲ್ಲ ಸೇರಿ ಐದು ಸಾವಿರ ದಾಟಿಲ್ಲ. ಮಗು ಅದರೊಳಗೆ ಮಲಗಿ ಅಭ್ಯಾಸ ಮಾಡೋದು ಮನೆಯಲ್ಲೇ, ದಿನಾ ಹತ್ತು ನಿಮಿಷ, ಮೂರ್ನಾಲ್ಕು ವಾರ. ಕೊನೇ ವಾರ ನಾನು ಮಾಡೋ ಒಂದು ಕೆಲಸ ಇಲ್ಲಿ ಬರೆಯಲ್ಲ, ಬಂದರೆ ತೋರಿಸ್ತೇನೆ.

ತಗಡಿನ ಮೇಲೆ ಜುಲೈ ಮಳೆ ಬೀಳುವಾಗ ಅಭ್ಯಾಸ ಮಾಡಿದ ಮಕ್ಕಳು ಸ್ಕ್ಯಾನರ್ ಗದ್ದಲಕ್ಕೆ ಕ್ಯಾರೇ ಅನ್ನಲಿಲ್ಲ. ಬೇಸಿಗೆಯಲ್ಲಿ ಸ್ಪೀಕರಿನಿಂದ ಮಳೆ ಸುರಿಸಿ ನೋಡಿದೆ, ಆಗಲಿಲ್ಲ. ಭಾರದ ಹೊದಿಕೆಯೂ ದಂಡ: ಎದೆ ಅಮುಕಿ ಉಸಿರು ಜೋರಾಗುತ್ತೆ. ದಪ್ಪ ಮಕ್ಕಳಲ್ಲಿ ಇದೇ ದೊಡ್ಡ ತಲೆನೋವು. ಎದೆಯ ಏರಿಳಿತಕ್ಕೆ ಕಾಂತಕ್ಷೇತ್ರ ಕದಲಿ, ತಲೆ ನಿಶ್ಚಲವಾಗಿದ್ದರೂ ಫೇಸ್ ಎನ್‌ಕೋಡಿಂಗ್ ದಿಕ್ಕಿನಲ್ಲಿ (ಚಿತ್ರ ಸುಲಭವಾಗಿ ಜರುಗುವ ದಿಕ್ಕು ಅದು) ಚಿತ್ರ ತೂಗಾಡುತ್ತದೆ. ಬೆಲ್ಟ್ ಕಟ್ಟಿ ಉಸಿರು ದಾಖಲಿಸಿ, ಆ ಆವರ್ತನವನ್ನು ಚಲನೆಯ ಲೆಕ್ಕದಿಂದ ತೆಗೆದ ಮೇಲೆ ಎಷ್ಟೋ ಸ್ಕ್ಯಾನ್‌ಗಳು ಬದುಕಿಕೊಂಡವು. ಕೆನ್ನೆಗೂ ತಲೆ ಸುತ್ತ ಕೂರೋ ಗೂಡಿನಂಥ ಕಾಯಿಲ್‌ಗೂ ನಡುವೆ ಬೆರಳೂ ತೂರದಷ್ಟು ಕಮ್ಮಿ ಜಾಗ ಇರೋರಿಗೆ ದಪ್ಪ ಫೋಮ್ ಬೇಡ, ಮಡಚಿದ ಬೈರಾಸು ಸಾಕು.

ಇಷ್ಟು ಶುದ್ಧವಾದ ಮೇಲೆ ಮೆದುಳಿನ ಸಂಪರ್ಕದಲ್ಲಿ ತೂಕದಿಂದ ಬಂದಂತಿದ್ದ ವ್ಯತ್ಯಾಸ ಮುಕ್ಕಾಲುಪಾಲು ಕರಗಿತು. ಮೆದುಳಿನ ಆಳದ ಸ್ಟ್ರಯೇಟಮ್ ಅನ್ನೋ ಭಾಗದ ಸುತ್ತ ಸ್ವಲ್ಪ ಉಳಿದಿದೆ, ಆದರೆ ಸಿಡುಕು ತಗ್ಗಿಸಲು ಕೊಡೋ ರಿಸ್ಪೆರಿಡೋನ್ ಮಾತ್ರೆ ನುಂಗುವವರನ್ನು ಬೇರ್ಪಡಿಸದೆ ನಂಬೋದು ಹೇಗೆ? ಆ ಮಾತ್ರೆ ತೂಕವನ್ನೂ ಏರಿಸುತ್ತೆ, ಸ್ಟ್ರಯೇಟಮಿನಲ್ಲಿ ಕೆಲಸ ಮಾಡೋ ರಾಸಾಯನಿಕ ಡೋಪಮಿನ್ನನ್ನೂ ಮುಟ್ಟುತ್ತೆ. ಮುಂದಿನ ತಂಡಕ್ಕೆ ಇನ್ನೂ ಮಾತ್ರೆ ಶುರುವಾಗದ ಮಕ್ಕಳನ್ನು ಹುಡುಕುತ್ತಿದ್ದೇನೆ.